ದೇವೀರಮ್ಮ ಒಪ್ಪದ ಬಾವಿ

ಬಹಳ ಹಿಂದೆ, ಬಾವಿಗಳಿಗೂ ಮರ್ಯಾದೆಯಿದ್ದ ಕಾಲದಲ್ಲಿ, ಬಂಡೆಗಿರಿ ಎಂಬ ರಾಜ್ಯವಿತ್ತು. ಅಲ್ಲೊಂದು ಕಟ್ಟಳೆ: ಯುಗಾದಿಯ ಮಾರನೆಯ ದಿನ ಊರ ನೀರು ನೋಡಿಕೊಳ್ಳುವ ನೀರುಗಂಟಿಯಾದವಳು ಒಂದೊಂದು ಬಾವಿಯ ನೀರನ್ನೂ ಬೊಗಸೆಯಲ್ಲಿ ಕುಡಿದು 'ಒಪ್ಪಿತು' ಅನ್ನಬೇಕು. ಅನ್ನದಿದ್ದರೆ ಆ ಬಾವಿಯ ಸುತ್ತ ಹರದಾರಿ ದೂರ ಯಾರೂ ನೆಲ ಕೊರೆಯುವಂತಿಲ್ಲ, ಮಹಾರಾಜರೂ ಸೇರಿ.

ನಲವತ್ತು ವರ್ಷ 'ಒಪ್ಪಿತು' ಅಂದಿದ್ದ ನೀರುಗಂಟಿ ದೇವೀರಮ್ಮ ಈ ಸಲ ತನ್ನ ಕೇರಿಯ ಬಾವಿ ನೀರನ್ನೇ ಥೂ ಎಂದು ಉಗಿದಳು. ಉಪ್ಪುಪ್ಪು, ಸೀಮೆಎಣ್ಣೆಯ ನಾತ.

ಆಗಿದ್ದಿಷ್ಟೆ. ಪಾತಾಳದ ಪದರುಗಲ್ಲಿನಲ್ಲಿ ಅನಿಲ ಅಡಗಿದೆಯೆಂದು ಕೇಳಿದ ರಾಜಾಧಿರಾಜ ಶ್ರೀ ಅಗಾಧವರ್ಮ ಪ್ರಭುಗಳು, ಮದ್ದು ಬೆರೆಸಿದ ನೀರನ್ನು ಕೊಳವೆಯಲ್ಲಿ ರಭಸದಿಂದ ನುಗ್ಗಿಸಿ ಕಲ್ಲು ಸೀಳುವ ಅಭಿವೃದ್ಧಿ ಯೋಜನೆಗೆ ಚಾಲನೆ ನೀಡಿದ್ದರು. ಕಲ್ಲು ಸೀಳಿತು. ಅರ್ಧ ಅನಿಲ ಅರಮನೆಯ ಒಲೆಗೆ ಬಂತು. ಮಿಕ್ಕಿದ್ದು ತನ್ನ ದಾರಿ ತಾನು ಹಿಡಿಯಿತು.

ದೇವೀರಮ್ಮನಿಗೆ ಆಸ್ಥಾನದಿಂದ ಕರೆ ಬಂತು.

"ಒಂದು ಮಾತಿಗೆ ಇಷ್ಟು ಹಟವೇನಮ್ಮಾ?" ಎಂದರು ಪ್ರಭುಗಳು.

"ಹಟ ಅಲ್ಲ ಬುದ್ಧಿ. ಆ ನೀರು ಕುಡಿದು ನನ್ನ ಮೊಮ್ಮಗಳು ಮೂರು ದಿನದಿಂದ ವಾಂತಿ ಮಾಡ್ತಾ ಇದೆ. ನೀವೇ ಒಂದು ಗುಟುಕು ಕುಡಿದು ನೋಡಿ."

ಸಭೆ ಕೆಮ್ಮಿತು. ಪ್ರಭುಗಳ ಕವಿತೆಗೆಲ್ಲ ಆಹಾ ಅನ್ನುವ ಮಂತ್ರಿ ತಥಾಸ್ತುರಾಯರು ನಶ್ಯದ ಡಬ್ಬಿ ಮುಚ್ಚಿ ಎದ್ದರು. "ದೋಷ ನೀರಿನದಲ್ಲ ಪ್ರಭು, ನಾಲಿಗೆಯದು. ಪೂರ್ವಗ್ರಹವಿಲ್ಲದ ನಾಲಿಗೆ ಬೇಕು."

"ಅಂಥದ್ದು ಎಲ್ಲಿದೆ?"

"ನನ್ನದೇ ಇದೆ. ಮೂವತ್ತು ವರ್ಷ ನಶ್ಯ ಏರಿಸಿ ನನಗೆ ವಾಸನೆಯೂ ತಿಳಿಯದು, ರುಚಿಯೂ ತಿಳಿಯದು. ಸಂಪೂರ್ಣ ನಿಷ್ಪಕ್ಷಪಾತ!"

"ಪ್ರಭುಗಳ ಕವಿತೆ ನಿಮಗೆ ಯಾಕೆ ಅಷ್ಟು ಹಿಡಿಸುತ್ತೆ ಅಂತ ಈಗ ಗೊತ್ತಾಯ್ತು ಸ್ವಾಮಿ" ಎಂದಳು ದೇವೀರಮ್ಮ. ಪ್ರಭುಗಳು ಅದನ್ನು ಹೊಗಳಿಕೆಯೆಂದೇ ತಿಳಿದು ತಲೆದೂಗಿದರು.

ಅಂದೇ ನೀರುಗಂಟಿಯ ಹುದ್ದೆ ಮಂತ್ರಿಗಳಿಗೆ ಹೋಯಿತು. ಅವರು ಬೊಗಸೆ ತುಂಬ ಕುಡಿದು, ಚಪ್ಪರಿಸಿ, "ಒಪ್ಪಿತು" ಎಂದರು.

ಡಂಗುರ ಸಾರಿದರು: ಬಾವಿ ಶುದ್ಧವೆಂದು ಸಾಬೀತಾದ ಮೇಲೆ ಹೊಳೆಯಿಂದ ನೀರು ತರುವುದು ರಾಜನಿಂದನೆ, ಮನೆಗೊಬ್ಬರು ದಿನಕ್ಕೆರಡು ಬಿಂದಿಗೆ ಬಾವಿಯಿಂದಲೇ ಸೇದಿ ಹೆಬ್ಬೆಟ್ಟು ಒತ್ತತಕ್ಕದ್ದು. ಪ್ರಭುಗಳಿಗೆ 'ಜಲಸಂರಕ್ಷಕ ಚಕ್ರವರ್ತಿ' ಎಂಬ ಬಿರುದಾಯಿತು. ಮಂತ್ರಿಗಳು ಹೊಟ್ಟೆ ಹಿಡಿದುಕೊಂಡು ಮಲಗಿದ್ದರಿಂದ ಅವರ ಪೇಟಕ್ಕೇ ಶಾಲು ಹೊದಿಸಿ ಸನ್ಮಾನ ಮಾಡಲಾಯಿತು.

ಮರುದಿನ ದೇವೀರಮ್ಮ ಸರದಿಯಲ್ಲಿ ನಿಂತಳು. ಅವಳು ಹಗ್ಗ ಇಳಿಬಿಟ್ಟದ್ದೇ, ಬೀಡಿ ಸೇದುತ್ತಿದ್ದ ಕಾವಲುಗಾರ ಎದ್ದು ಬಿದ್ದು ದೂರ ಓಡಿದ.

"ಯಾಕಪ್ಪಾ ಓಡ್ತೀಯ?"

"ಮೇಲಿಂದ ಆಜ್ಞೆ ಅಜ್ಜಿ, ನೀರು ಸೇದುವಾಗ ಹತ್ತಿರ ಬೆಂಕಿ ಇರಬಾರದಂತೆ. ನೀವು ಸೇದಿ, ಸೇದಿ. ಕುಡಿಯೋಕೆ ಏನೂ ಭಯ ಇಲ್ಲ."