ರಜೆ ನುಂಗಿದ ಮನೆ

ಮನೆ ಅಂದ ಮೇಲೆ ದುಡ್ಡು ಖಾಲಿಯಾಗುತ್ತದೆ ಅಂತ ಎಲ್ಲರೂ ಹೆದರಿಸಿದ್ದರು. ರಜೆ ಖಾಲಿಯಾಗುತ್ತದೆ ಅಂತ ಒಬ್ಬರೂ ಹೇಳಲಿಲ್ಲ. ನಾನು ಸಾಸ್ವೆಹಳ್ಳಿ ಕಡೆಯ ಶಾಲೆಯೊಂದರ ಗಣಿತ ಮೇಷ್ಟ್ರು, ಮನೆ ಹೊನ್ನಾಳಿಯಲ್ಲಿ. ಅಲ್ಲಿ ಏನಾದರೊಂದು ಕೆಡುತ್ತಲೇ ಇರುತ್ತದೆ, ನಾನು ರಜೆ ಚೀಟಿ ಬರೆಯುತ್ತಲೇ ಇರುತ್ತೇನೆ.

ನಲ್ಲಿ

ಅಡುಗೆಮನೆ ನಲ್ಲಿ ಸೋರುತ್ತಿತ್ತು. ಪ್ಲಂಬರ್ ನನ್ನ ಹಳೇ ವಿದ್ಯಾರ್ಥಿ. "ನಾಳೆ ಬರ್ತೀನಿ ಸಾರ್" ಅಂದ. ರಜೆ ಹಾಕಿ ಕಾದೆ, ಬರಲಿಲ್ಲ. ಮರುದಿನವೂ ಹಾಕಿದೆ, ಆಗಲೂ ಇಲ್ಲ. ಮೂರನೇ ದಿನ ನಾನು ಶಾಲೆಗೆ ಹೊರಟಿದ್ದೇ ತಡ, ಬಂದು ಹತ್ತೇ ನಿಮಿಷದಲ್ಲಿ ಸರಿಮಾಡಿ ಹೋಗಿದ್ದ. ಹೆಂಡತಿ ಕೇಳಿದ್ದಕ್ಕೆ, "ಸಾರ್ ಬಸ್ ಹತ್ತೋದನ್ನ ನೋಡ್ಕಂಡೇ ಬಂದೆ ಅಮ್ಮಾರೆ. ಅವ್ರು ಹಿಂದೆ ನಿಂತ್ರೆ ನಂಗೆ ಇವತ್ತಿಗೂ ಕೈ ನಡುಗ್ತಾವೆ" ಅಂದನಂತೆ.

ಬಣ್ಣ

ಗೋಡೆಗೆ ನಾನು ಬಿಳಿ ಅಂದೆ, ಹೆಂಡತಿ ಹಸಿರು ಅಂದಳು. ನೋಡೋಣ ಅಂತ ಎರಡನ್ನೂ ಮುಂದಿನ ಗೋಡೆಗೆ ಒಂದೊಂದು ಪಟ್ಟೆ ಬಳಿಸಿದೆವು. ಅಕ್ಕಪಕ್ಕದವರು ಸುಮ್ಮನಿರುತ್ತಾರೆಯೇ? ಒಬ್ಬರು ಹಳದಿ ಅಂದರು, ಇನ್ನೊಬ್ಬರು ಗುಲಾಬಿ. ಪೇಂಟರ್ ಯಾರ ಮಾತನ್ನೂ ತೆಗೆದುಹಾಕಲಿಲ್ಲ. ಸಂಜೆಯೊಳಗೆ ಎಂಟು ಪಟ್ಟೆ. ಮರುದಿನ ಬೆಳಗ್ಗೆ ಒಬ್ಬಾಕೆ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದು ಕೇಳಿದಳು: "ಅಂಗನವಾಡಿ ಎಷ್ಟೊತ್ತಿಗೆ ತೆಗೀತೀರಿ?"

ಗೊಂಬೆ

ಮಹಡಿ ಕಟ್ಟಲು ಶುರುಮಾಡುವ ಹೊತ್ತಿಗೆ ನನ್ನ ರಜೆಯೆಲ್ಲ ಮುಗಿದಿತ್ತು. "ಇನ್ನೊಂದು ದಿನ ತಪ್ಪಿಸಿದ್ರೆ ನೋಟಿಸ್ ಕೊಡ್ತೀನಿ" ಅಂತ ಹೆಡ್ಮಾಸ್ಟರು ಹೇಳಿಯೂ ಆಗಿತ್ತು.

ಒಂದೇ ಬಟ್ಟೆಯಲ್ಲಿ ಎರಡು ಶರ್ಟ್ ಹೊಲಿಸುವುದು ನನ್ನ ಅಭ್ಯಾಸ. ಅದರಲ್ಲೊಂದನ್ನು ಮೇಸ್ತ್ರಿ ದೃಷ್ಟಿಗೊಂಬೆಗೆ ತೊಡಿಸಿ, ಹುಲ್ಲು ತುಂಬಿ, ಮಹಡಿ ಮೇಲೆ ನಿಲ್ಲಿಸಿದ. ಹೊನ್ನಾಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹೆಡ್ಮಾಸ್ಟರು ಅದನ್ನು ನೋಡಿ ನಾನೇ ಅಂದುಕೊಂಡು, ಸಿಟ್ಟಿನಿಂದ ಶಾಲೆಗೆ ಬಂದರೆ ನಾನು ಕ್ಲಾಸಿನಲ್ಲಿ ಲೆಕ್ಕ ಬಿಡಿಸುತ್ತಿದ್ದೆ. ಗೊಂಬೆಯ ವಿಷಯ ತಿಳಿದು ನಾಚಿದರು. ನನಗೆ ಮಾತ್ರ ಭಯವಾಗಿ, ಅವತ್ತೇ ಗೊಂಬೆಯನ್ನು ಇಳಿಸಿಬಿಟ್ಟೆ.

ಆಮೇಲೆ ಆರ್‌ಸಿಸಿ ಹಾಕುವ ದಿನ ಬಂತು. ಯಜಮಾನ ಇಲ್ಲದಿದ್ದರೆ ಹೇಗೆ? "ಹೊಟ್ಟೆನೋವು ಸಾರ್, ಮಧ್ಯಾಹ್ನ ಬರ್ತೀನಿ" ಅಂತ ಫೋನ್ ಮಾಡಿ, ಅದೇ ಬಟ್ಟೆಯ ಇನ್ನೊಂದು ಶರ್ಟ್ ಹಾಕಿಕೊಂಡು ಮಹಡಿ ಹತ್ತಿದೆ. ಹತ್ತು ಗಂಟೆಗೆ ಕೆಳಗೆ ನೋಡುತ್ತೇನೆ, ರಸ್ತೆಯಲ್ಲಿ ಬಿಇಒ ಆಫೀಸಿಗೆ ಹೊರಟ ಹೆಡ್ಮಾಸ್ಟರು, ಜೊತೆಗೊಬ್ಬ ಗೆಳೆಯರು. ಬೇರೆ ದಾರಿ ಕಾಣದೆ ಎರಡೂ ಕೈ ಚಾಚಿ, ಕಣ್ಣು ಬಿಟ್ಟುಕೊಂಡು ನಿಂತುಬಿಟ್ಟೆ.

"ನೋಡ್ರಿ, ನಾನು ಹೇಳಿದ್ ಗೊಂಬೆ ಇದೇ" ಅಂದರು ಹೆಡ್ಮಾಸ್ಟರು. "ಥೇಟ್ ನಮ್ಮ ಮೇಷ್ಟ್ರೇ. ಹೊಟ್ಟೆಗೆ ಹುಲ್ಲು ಸ್ವಲ್ಪ ಜಾಸ್ತಿ ತುಂಬ್ಯಾರೆ, ಅಷ್ಟೆ."

ಉಸಿರು ಬಿಗಿಹಿಡಿದೆ. ಅಷ್ಟರಲ್ಲಿ ಮೇಸ್ತ್ರಿ ಬಗ್ಗಿ ಹೇಳಿದ: "ಯಾವ ಗೊಂಬೆ ಸಾರ್? ಅದನ್ನ ಆಗ್ಲೇ ಇಳಿಸಿ ಆಗೈತೆ. ಇವ್ರು ಮನೆ ಯಜಮಾನ್ರು. ಬೆಳಗ್ಗೆಯಿಂದ ಚೆನ್ನಾಗೇ ಇದ್ರು, ಈಗ ಯಾಕೋ ಹಿಂಗೆ ನಿಂತ್ಬಿಟ್ಟಾರೆ."

ಹೆಡ್ಮಾಸ್ಟರು ನಗಲಿಲ್ಲ. "ಮಧ್ಯಾಹ್ನ ಏಳನೇ ಕ್ಲಾಸಿಗೆ ಗಣಿತ ಐತೆ" ಅಂದರು. "ಗೊಂಬೆಗೆ ಊಟ ಮಾಡ್ಕಂಡು ಬರಾಕೆ ಹೇಳ್ರಿ."