ಆಕಾರ ಮಾತ್ರ ಇದ್ದ ಕಾರು

ನಿವೃತ್ತನಾದ ಗಂಡಸಿಗೆ ಏನಾದರೊಂದು ಹುಚ್ಚು ಇರಲೇಬೇಕು, ಇಲ್ಲದಿದ್ದರೆ ಅವನು ಅಡುಗೆಮನೆಗೆ ಬಂದು ಸಾರಿಗೆ ಇಂಗು ಹೆಚ್ಚಾಯಿತು ಅನ್ನತೊಡಗುತ್ತಾನೆ ಎಂಬುದು ನನ್ನ ಹೆಂಡತಿ ವಿಮಲಳ ಅಭಿಪ್ರಾಯ. ನನ್ನ ಗೆಳೆಯರಲ್ಲಿ ಒಬ್ಬರು ಹಲಸೂರು ಕೆರೆಯ ಸುತ್ತ ನಡೆಯುತ್ತಾರೆ. ಇನ್ನೊಬ್ಬರು ಚರಂಡಿಯ ವಿಷಯವಾಗಿ ಪತ್ರಿಕೆಗಳಿಗೆ ಕಾಗದ ಬರೆಯುತ್ತಾರೆ. ಮತ್ತೊಬ್ಬರು ಹೋಮಿಯೋಪತಿ ಕಲಿತು ನಮ್ಮ ಮೇಲೆಲ್ಲ ಪ್ರಯೋಗ ಮಾಡುತ್ತಾರೆ. ಇವರ ನಡುವೆ ನಾನು ಯಾವ ಹುಚ್ಚೂ ಇಲ್ಲದೆ ಎಂಟು ತಿಂಗಳು ಖಾಲಿ ಕುಳಿತಿದ್ದೆ. ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಹೇಳಿದ ಮೇಷ್ಟ್ರು ನಾನು. ಕೈಕೆಲಸ ಎಂದರೆ ಸೀಮೆಸುಣ್ಣ ಮುರಿಯದಂತೆ ಬರೆಯುವುದಷ್ಟೇ ನನಗೆ ಗೊತ್ತಿದ್ದದ್ದು. ಅಂಥವನ ಮನೆಗೆ ಒಂದು ಸ್ಪೋರ್ಟ್ಸ್ ಕಾರು ಬಂದು ಸೇರಿತೆಂದರೆ ಅದಕ್ಕೆ ಋಣಾನುಬಂಧವೆನ್ನದೆ ಬೇರೆ ಹೆಸರಿಲ್ಲ.

ನಮ್ಮದು ಸರ್ವಜ್ಞನಗರ. ಹಳಬರು ಇನ್ನೂ ಕಾಕ್ಸ್‌ಟೌನ್ ಎನ್ನುತ್ತಾರೆ. ನಮ್ಮ ಹಿಂದಿನ ಬೀದಿಯ ಒಂದು ಹಳೆಯ ಬಂಗಲೆಯನ್ನು ಕೆಡವಿ ಫ್ಲ್ಯಾಟು ಕಟ್ಟಲು ಹೊರಟಿದ್ದರು. ನಾನು ಬೇಕರಿಗೆ ಬನ್ನು ತರಲು ಹೋದವನು ಎಲ್ಲರಂತೆ ನಿಂತು ಜೆಸಿಬಿ ನೋಡುತ್ತಿದ್ದೆ. ಹಿತ್ತಲಿನ ಶೆಡ್ಡಿನ ತಗಡು ಎತ್ತಿದಾಗ ಬಳ್ಳಿಗಳ ಒಳಗಿನಿಂದ ಎರಡು ದುಂಡನೆಯ ಹೆಡ್‌ಲೈಟುಗಳು ಕಂಡವು. ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡುತ್ತಿದ್ದ ಹುಡುಗ ಹೆಸರು ಕರೆದೊಡನೆ ಕಣ್ಣು ಬಿಟ್ಟಂತೆ ಅವು ನನ್ನನ್ನೇ ನೋಡಿದವು. ಉದ್ದ ಮೂತಿಯ, ಎರಡೇ ಸೀಟಿನ, ತಲೆಯ ಮೇಲೆ ಚಾವಣಿಯಿಲ್ಲದ ಹಳೆಯ ವಿಲಾಯತಿ ಕಾರು. ಮನೆಯ ಯಜಮಾನರು ಅದನ್ನು ಗುಜರಿಗೆ ಕೊಡುವುದೆಂದು ಆಗಲೇ ಮಾತಾಡಿದ್ದರು. ನಾನು ಬನ್ನಿನ ಪೊಟ್ಟಣ ಹಿಡಿದುಕೊಂಡೇ ಅವರ ಬಳಿ ಹೋಗಿ, "ಇದನ್ನ ನಾನು ತಗೊಳ್ತೀನಿ" ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಇವತ್ತಿಗೂ ಗೊತ್ತಿಲ್ಲ. ಕಾಗದಪತ್ರಗಳೆಲ್ಲ ಅವರ ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿದ್ದವು. ಸುರಕ್ಷಿತವಾಗಿದ್ದದ್ದು ಅವು ಮಾತ್ರ.

ಎಂಟು ಜನ ಅದನ್ನು ಪಲ್ಲಕ್ಕಿಯಂತೆ ಹೊತ್ತು ತಂದು ನಮ್ಮ ಮನೆಯ ಮುಂದೆ ಇಳಿಸಿದರು. ವಿಮಲ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ಒಂದು ಸುತ್ತು ಹಾಕಿದಳು.

"ಇಂಜಿನ್ ಎಲ್ಲಿ?"

"ಇಲ್ಲ."

"ಸೀಟು?"

"ಅದೂ ಇಲ್ಲ."

"ಕೆಳಗೆ ನೆಲ ಕಾಣ್ತಿದೆಯಲ್ಲ. ಮತ್ತೆ ಏನಿದೆ ರೀ ಇದ್ರಲ್ಲಿ?"

"ಆಕಾರ ಇದೆ," ಎಂದೆ.

ಅವಳು ನನ್ನ ಹೊಟ್ಟೆಯನ್ನೊಮ್ಮೆ ನೋಡಿ, "ಆಕಾರ ಎಲ್ರಿಗೂ ಒಂದು ಕಾಲದಲ್ಲಿ ಇತ್ತು" ಎಂದು ಒಳಗೆ ಹೋದಳು.

ಮರುದಿನ ಶಿವಾಜಿನಗರದಿಂದ ರಹಮತ್ ಭಾಯಿಯನ್ನು ಕರೆತಂದೆ. ಅವರ ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದವಳು. ಭಾಯಿಗೆ ಅಲ್ಲೊಂದು ಸಣ್ಣ ಲೇತ್ ಅಂಗಡಿ. ಹೊರಗೆಲ್ಲೂ ಸಿಗದ ಬಿಡಿಭಾಗವನ್ನು ಕಬ್ಬಿಣದ ಗಟ್ಟಿಯಿಂದ ಕೊರೆದು ತೆಗೆದುಕೊಡುವವರೆಂದು ಹೆಸರು ಪಡೆದಿದ್ದರು. ಅವರು ಕಾರಿನ ಸುತ್ತ ಕುಕ್ಕರುಗಾಲಿನಲ್ಲಿ ಕುಳಿತು, ಅಲ್ಲಲ್ಲಿ ಬೆರಳಿನಿಂದ ತಟ್ಟಿ, ತಟ್ಟಿದಲ್ಲೆಲ್ಲ ತೂತು ಬಿದ್ದದ್ದನ್ನು ಕಂಡು, ಎರಡು ಲೋಟ ಚಹಾ ಕುಡಿದರು. ಕೊನೆಗೆ, "ಮೇಷ್ಟ್ರೇ, ಹಳೇ ಥರ ಮಾಡೋಕೆ ನನ್ ಕೈಲಾಗಲ್ಲ. ಯಾರ ಕೈಲೂ ಆಗಲ್ಲ. ಸಾಮಾನೇ ಸಿಗಲ್ಲ. ಒಂದ್ ಕೆಲ್ಸ ಮಾಡೋಣ, ಮೇಲೆ ಹಳೇದು ಇರ್ಲಿ, ಒಳಗೆ ಪೂರಾ ಹೊಸದು ಹಾಕೋಣ" ಎಂದರು.

ಹಳೆಯ ಕಾರುಗಳ ಮೇಲೆ ಭಕ್ತಿಯಿದ್ದ ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ, ಅದು ಕೊಲೆಗೆ ಸಮಾನವೆಂದು ಫೋನಿನಲ್ಲೇ ದುಃಖಪಟ್ಟರು. ನಮ್ಮ ಕಡೆಯ ದೇವಸ್ಥಾನಗಳನ್ನು ನೋಡಿ, ಗರ್ಭಗುಡಿ ಚೋಳರದು, ಮಂಟಪ ವಿಜಯನಗರದವರದು, ಗೋಪುರ ಹೋದ ವರ್ಷದ್ದು, ಆದರೂ ಅಡ್ಡ ಬೀಳುತ್ತೀರಲ್ಲ ಎಂದೆ. ಮೂವತ್ತು ವರ್ಷ ಹೇಳಿದ ಇತಿಹಾಸ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಹೀಗೆ ಜೀರ್ಣೋದ್ಧಾರ ಶುರುವಾಯಿತು. ಅಪಘಾತದಲ್ಲಿ ಹಿಂಭಾಗ ನಜ್ಜುಗುಜ್ಜಾದ ಒಂದು ಹೊಸ ಕಾರಿನ ಇಂಜಿನ್ನು, ಗೇರ್‌ಬಾಕ್ಸು ಬಂದವು. ಬ್ರೇಕು ಇನ್ನೊಂದರಿಂದ ಬಂತು, ಸ್ಟೀರಿಂಗು ಮತ್ತೊಂದರಿಂದ, ಸೀಟುಗಳು ಮಗದೊಂದರಿಂದ. ಭಾಯಿ ವಾರಕ್ಕೆ ಮೂರು ದಿನ ಬೆಳಿಗ್ಗೆ ಬಂದು ಕಾರಿನ ಕೆಳಗೆ ಮಲಗುತ್ತಿದ್ದರು. ಅವರ ಚಪ್ಪಲಿ ಮತ್ತು ಒಂದು ಕೈ ಮಾತ್ರ ಹೊರಗೆ ಕಾಣುತ್ತಿದ್ದವು. ಆ ಕೈಗೆ ಕೇಳಿದ ಸ್ಪ್ಯಾನರ್ ಕೊಡುವುದು ನನ್ನ ಕೆಲಸ. ಹದಿನಾಲ್ಕು ಎಂದಾಗ ಹನ್ನೆರಡು ಕೊಟ್ಟರೆ ಅವರು ಬೈಯುತ್ತಿರಲಿಲ್ಲ, ಕೈ ಸುಮ್ಮನೆ ಅದನ್ನು ವಾಪಸು ನೀಡಿ ಹಾಗೇ ಕಾಯುತ್ತಿತ್ತು. ತಪ್ಪು ಉತ್ತರಕ್ಕೆ ನಾನು ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ದಿನಗಳು ನೆನಪಾಗಿ ನಾಚಿಕೆಯಾಗುತ್ತಿತ್ತು.

ಹೊಸ ಇಂಜಿನ್ನು ಹಳೆಯ ಹೊಟ್ಟೆಯಲ್ಲಿ ಕೂತಿತು, ಆದರೆ ಬಾನೆಟ್ ಮುಚ್ಚಲಿಲ್ಲ. ನಾಲ್ಕು ಬೆರಳಿನಷ್ಟು ಎತ್ತರವಾಗಿತ್ತು. ಬಾನೆಟ್ಟಿನ ನಡುವೆ ಕತ್ತರಿಸಿ ಅಲ್ಲೊಂದು ಉಬ್ಬು ಕೂರಿಸಬೇಕೆಂದು ಭಾಯಿ ಹೇಳಿದರು. ತಗಡನ್ನು ಬಡಿದು ದುಂಡಗೆ ಬಗ್ಗಿಸಲು ಕೆಳಗೆ ಇಡುವುದಕ್ಕೆ ಗಟ್ಟಿಯಾದ, ದುಂಡನೆಯ ವಸ್ತು ಬೇಕಿತ್ತು. ವಿಮಲ ತರಕಾರಿಗೆ ಹೋಗಿದ್ದಳು. ಅಟ್ಟದ ಮೇಲೆ ಅವಳ ತವರಿನವರು ಮದುವೆಯಲ್ಲಿ ಕೊಟ್ಟ ಹಿತ್ತಾಳೆ ಕೊಳಗವಿತ್ತು. ಕೆಲಸವೇನೋ ಸೊಗಸಾಗಿ ಆಯಿತು. ಕೊಳಗ ಮಾತ್ರ ಆಕಾರ ಕಳೆದುಕೊಂಡ ಮೇಲೆ ಮೊರದಂತೆ ಕಾಣುತ್ತಿತ್ತು. ಅವಳು ಬಂದು ನೋಡಿದಾಗ ರಹಮತ್ ಭಾಯಿ ಕಾರಿನ ಕೆಳಗೆ ಸರಿದುಹೋದರು, ನನಗೆ ಅಲ್ಲಿ ಜಾಗವಿರಲಿಲ್ಲ. ನಾಲ್ಕು ದಿನ ಮನೆಯಲ್ಲಿ ಉಪ್ಪಿಟ್ಟೇ.

ಇಷ್ಟೆಲ್ಲ ಆದಮೇಲೂ ಇದರಲ್ಲಿ ನನ್ನದು ಎನ್ನುವ ಕೆಲಸ ಯಾವುದೂ ಇಲ್ಲವಲ್ಲ ಎಂಬ ಕೊರಗು ನನ್ನೊಳಗೆ ಹುಟ್ಟಿತು. ಆದ್ದರಿಂದ ವೈರಿಂಗನ್ನು ನಾನೊಬ್ಬನೇ ಮಾಡುತ್ತೇನೆಂದು ಘೋಷಿಸಿದೆ. ಭಾಯಿ ಗಡ್ಡ ಕೆರೆದುಕೊಂಡರು, ಬೇಡವೆನ್ನಲಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಎರಡು ತಿಂಗಳು ತಂತಿ ಎಳೆದೆ. ಕೆಂಪು ಮುಗಿದಾಗ ಹಸಿರು ಸೇರಿಸಿದೆ, ಹಸಿರು ಮುಗಿದಾಗ ಮನೆಯ ಕಾಲಿಂಗ್‌ಬೆಲ್ಲಿನ ತಂತಿ ಸೇರಿಸಿದೆ. ಪರೀಕ್ಷೆಯ ದಿನ ಭಾಯಿ ಸೀಟಿನಲ್ಲಿ ಕುಳಿತು ಬ್ರೇಕು ಒತ್ತಿದರು, ಹಾರ್ನು ಕೂಗಿತು. ಇಂಡಿಕೇಟರ್ ಹಾಕಿದರು, ವೈಪರು ಆಡಿತು. ಹೆಡ್‌ಲೈಟಿನ ಗುಂಡಿ ಒತ್ತಿದಾಗ ಸ್ಟೀರಿಂಗಿನ ಕೆಳಗಿನಿಂದ ಧೂಪದಂತೆ ಹೊಗೆ ಬಂತು. ಭಾಯಿ ನಿಧಾನವಾಗಿ ಇಳಿದು ಬ್ಯಾಟರಿ ಬಿಚ್ಚಿದರು.

ಕಾಳು ಆರಿಸುತ್ತಾ ಜಗುಲಿಯಲ್ಲಿ ಕುಳಿತಿದ್ದ ವಿಮಲ ಮೊರ ಕೆಳಗಿಟ್ಟು ಎದ್ದು ಬಂದಳು. ಕನ್ನಡಕ ಏರಿಸಿ ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಕತ್ತರಿ ಕೊಡಿ," ಎಂದಳು.

"ಯಾಕೆ?"

"ಕೊಡಿ ಅಂದೆ."

ನನ್ನ ಎರಡು ತಿಂಗಳ ಕೆಲಸ ಐದು ನಿಮಿಷದಲ್ಲಿ ಶಾವಿಗೆಯ ರಾಶಿಯಂತೆ ನೆಲಕ್ಕೆ ಬಿತ್ತು.

ಇಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ವಿಮಲ ಕೃಷ್ಣರಾಜಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವಳು. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿ ಹೋಗುತ್ತಿದ್ದಳು, ಸಂಜೆ ಬರುತ್ತಿದ್ದಳು. ಯಾರಾದರೂ ಕೇಳಿದರೆ "ಫ್ಯಾಕ್ಟರಿಯಲ್ಲಿದ್ದಾಳೆ" ಎನ್ನುತ್ತಿದ್ದೆ. ಅಲ್ಲಿ ಏನು ಮಾಡುತ್ತಾಳೆಂದು ಅವಳನ್ನು ಒಂದು ದಿನವೂ ಕೇಳಿರಲಿಲ್ಲ. ಪಾಣಿಪತ್ತಿನ ಮೂರು ಯುದ್ಧಗಳ ಕಾರಣಗಳನ್ನು ನಿದ್ದೆಯಲ್ಲೂ ಹೇಳಬಲ್ಲ ನನಗೆ, ನನ್ನ ಹೆಂಡತಿ ಟೆಲಿಫೋನ್ ಬೋರ್ಡುಗಳಿಗೆ ತಂತಿ ಜೋಡಿಸಿ ಬೆಸುಗೆ ಹಾಕುತ್ತಿದ್ದಳು ಎಂಬುದು ಅರವತ್ತೊಂದನೆಯ ವಯಸ್ಸಿನಲ್ಲಿ, ಒಂದು ಕಾರಿನ ಕೃಪೆಯಿಂದ ತಿಳಿಯಿತು.

ಅವಳು ಅಟ್ಟದಿಂದ ಒಂದು ಡಬ್ಬಿ ಇಳಿಸಿದಳು. ಅದರಲ್ಲಿ ಸೋಲ್ಡರಿಂಗ್ ಐರನ್, ಸಣ್ಣ ಇಕ್ಕಳ, ಮೇಣದ ದಾರ. ಊಟದ ಮೇಜು ಎರಡು ವಾರ ಅವಳ ವಶವಾಯಿತು, ನಾವು ನೆಲದ ಮೇಲೆ ಉಂಡೆವು. ಮೊದಲು ಕಾಗದದ ಮೇಲೆ ನಕ್ಷೆ ಬರೆದಳು. ಪ್ರತಿ ತಂತಿಗೂ ಒಂದು ನಂಬರು ಅಂಟಿಸಿದಳು. ತಂತಿಗಳನ್ನು ಸಾಲಾಗಿ ಮಲಗಿಸಿ, ಮಲ್ಲಿಗೆ ಕಟ್ಟುವ ಹಾಗೆ ಬೆರಳಿನಷ್ಟು ಅಂತರಕ್ಕೊಂದು ಗಂಟು ಹಾಕುತ್ತಾ ಹೋದಳು. ನೋಡಲು ಬಂದ ರಹಮತ್ ಭಾಯಿ ಟೋಪಿ ತೆಗೆದು ತಲೆ ಸವರಿಕೊಂಡು, "ಅಕ್ಕಾ, ಇಷ್ಟ್ ದಿನ ನೀವ್ ಎಲ್ಲಿದ್ರಿ?" ಎಂದರು.

"ಇಲ್ಲೇ ಇದ್ದೆ. ಯಾರೂ ಕೇಳ್ಲಿಲ್ಲ," ಎಂದಳು, ಗಂಟಿನಿಂದ ಕಣ್ಣೆತ್ತದೆ.

ನಾನು ಕಾಫಿ ಮಾಡಲು ಒಳಗೆ ಹೋದೆ. ಅಂದಿನಿಂದ ಕಾಫಿ ನನ್ನ ಖಾತೆಗೆ ಸೇರಿತು.

ಕಾರಿಗೆ ಬಣ್ಣವಾಯಿತು, ಗಾಢ ನೀಲಿ. ಗುಂಡಿಗಳ ಮೇಲೆ ವಿಮಲ ತನ್ನ ಕೈಯಾರೆ ಕನ್ನಡದಲ್ಲಿ ಹೆಸರು ಬರೆದಳು. ದೀಪ, ಗಾಳಿ, ಒರೆಸು, ಕೂಗು. ಇನ್ನು ಉಳಿದಿದ್ದದ್ದು ಸರ್ಕಾರದ ಪರೀಕ್ಷೆ. ಇಂಜಿನ್ ಬದಲಿಸಲು ಮೊದಲೇ ಅನುಮತಿ ಪಡೆದಿದ್ದೆವು, ಆದರೆ ಸಾರಿಗೆ ಕಚೇರಿಯ ಇನ್‌ಸ್ಪೆಕ್ಟರು ಕಾರನ್ನು ನೋಡಿ ಒಪ್ಪಿದರೆ ಮಾತ್ರ ಅದು ರಸ್ತೆಗೆ ಇಳಿಯಬಹುದು. ಒಪ್ಪದಿದ್ದರೆ ಎರಡು ವರ್ಷದ ದುಡಿಮೆ ಮನೆಮುಂದೆ ತುಳಸಿಕಟ್ಟೆಯ ಪಕ್ಕ ಶಾಶ್ವತವಾಗಿ ನಿಲ್ಲಬೇಕು. ಹಿಂದಿನ ದಿನ ನನಗೆ ಊಟ ಸೇರಲಿಲ್ಲ. ಕಾರನ್ನು ಲಾರಿಯ ಮೇಲೆ ಹೇರಿಸಿಕೊಂಡು ಮೂವರೂ ಹೋದೆವು.

ಇನ್‌ಸ್ಪೆಕ್ಟರು ನಗುವ ಜಾತಿಯವರಾಗಿರಲಿಲ್ಲ. "ಇದ್ರೊಳಗೆ ಎಷ್ಟು ಗಾಡಿಗಳ ಸಾಮಾನಿದೆ?" ಎಂದು ಕೇಳಿದರು.

"ನಾಲ್ಕು ಸಾರ್," ಎಂದರು ಭಾಯಿ. ಅವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

"ನಾಲ್ಕು ಗಾಡಿ ಸೇರಿಸಿ ಒಂದು ನಂಬರ್ ಪ್ಲೇಟಾ?" ಎಂದು ಇನ್‌ಸ್ಪೆಕ್ಟರು ಬ್ರೇಕು ನೋಡಿದರು, ಓಡಿಸಿ ನೋಡಿದರು, ಸೈಲೆನ್ಸರಿನ ಸದ್ದು ಕೇಳಿದರು. ಎಲ್ಲದಕ್ಕೂ ತಲೆಯಾಡಿಸಿ ಕೊನೆಗೆ, "ಇಂಥ ಗಾಡಿಗಳಿಗೆ ಬೆಂಕಿ ಬೀಳೋದು ಎಲ್ಲಿ ಗೊತ್ತಾ? ವೈರಿಂಗಲ್ಲಿ. ನಾನು ಅಲ್ಲೇ ಹಿಡಿಯೋದು" ಎಂದು ಟಾರ್ಚು ಹಿಡಿದು ಮಂಡಿಯೂರಿದರು. ಅವರು ಏಳಲೇ ಇಲ್ಲ. ಆಮೇಲೆ ಒಳಗಿನಿಂದಲೇ, "ಯಾವ ಗ್ಯಾರೇಜ್ ಮಾಡಿದ್ದು?" ಎಂಬ ಮಾತು ಬಂತು.

ಹೊಂಗೆ ಮರದ ನೆರಳಲ್ಲಿ ನಿಂತಿದ್ದ ವಿಮಲ, "ನಾನು ಮಾಡಿದ್ದು" ಎಂದಳು.

ಅವರು ತಲೆ ಹೊರಗೆ ಹಾಕಿ ಅವಳನ್ನು ನೋಡಿದರು. "ಹದಿನೇಳು ಯಾವುದಮ್ಮ?"

"ಹಿಂದುಗಡೆ ಬಲದ ಬ್ರೇಕ್ ಲೈಟು. ಹದಿನೆಂಟು ಎಡದ್ದು. ಇಪ್ಪತ್ತೊಂದು ಖಾಲಿ ಬಿಟ್ಟಿದೀನಿ, ಮುಂದೆ ಏನಾದ್ರೂ ಸೇರಿಸ್ಬೇಕಾದ್ರೆ ಇರ್ಲಿ ಅಂತ."

ಅವರು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡರು. ಕಚೇರಿಯೊಳಗಿದ್ದ ಇನ್ನಿಬ್ಬರನ್ನು ಕೂಗಿ ಕರೆದು, "ಇಲ್ಲಿ ನೋಡ್ರಯ್ಯ, ವೈರಿಂಗ್ ಅಂದ್ರೆ ಇದು" ಎಂದು ತೋರಿಸಿದರು. ಮೂವರು ಅಧಿಕಾರಿಗಳು ಒಂದೇ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಸಹಿ ಬಿತ್ತು. ರಹಮತ್ ಭಾಯಿ ಮುಖ ತಿರುಗಿಸಿ ಕರವಸ್ತ್ರದಿಂದ ಕಣ್ಣು ಒರೆಸಿಕೊಂಡರು, ಧೂಳು ಎಂದರು. ನನ್ನ ಕಣ್ಣಿಗೂ ಅದೇ ಧೂಳು ಬಿದ್ದಿತ್ತು.

ಎರಡೇ ಸೀಟು. ಭಾಯಿ ಲಾರಿಯಲ್ಲಿ ಹೊರಟರು. ನಾನು ಸ್ಟೀರಿಂಗು ಹಿಡಿದು ಮನೆಯತ್ತ ತಿರುಗಿಸಲು ಹೊರಟಾಗ ವಿಮಲ, "ಮನೆ ಬೇಡ, ಕೆ.ಆರ್. ಪುರಂ ಕಡೆ ಬಿಡಿ" ಎಂದಳು. ಹಳೆ ಮದ್ರಾಸ್ ರಸ್ತೆಯಲ್ಲಿ ಗಾಡಿ ಹೇಗೆ ಓಡಿತೆಂದು ವರ್ಣಿಸಲು ನನಗೆ ಸಾಧ್ಯವಿಲ್ಲ, ಏಕೆಂದರೆ ಹೆದರಿಕೆಯಿಂದ ನಾನು ಮುಂದಿನ ಹತ್ತು ಅಡಿ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಆಕ್ಸಿಲರೇಟರಿಗೆ ಕಾಲು ತಾಕಿದರೆ ಸಾಕು, ಬೆನ್ನು ಸೀಟಿಗೆ ಅಂಟುತ್ತಿತ್ತು. ಸೇತುವೆಯ ಬಳಿ ಟ್ರಾಫಿಕ್ಕು ಗಟ್ಟಿಯಾಗಿ ನಿಂತಿತು. ಇಂಜಿನ್ನಿನ ಶಾಖ ತೋರಿಸುವ ಮುಳ್ಳು ಕೆಂಪಿನತ್ತ ಏರತೊಡಗಿತು. ನಾನು ಬೆವರಿದೆ. ವಿಮಲ ಕೈ ಚಾಚಿ 'ಗಾಳಿ' ಎಂಬ ಗುಂಡಿ ಒತ್ತಿದಳು. ಬಾನೆಟ್ಟಿನೊಳಗಿನ ಫ್ಯಾನು ತಿರುಗತೊಡಗಿ, ಮುಳ್ಳು ಮರ್ಯಾದೆಯಿಂದ ಕೆಳಗಿಳಿಯಿತು. ಸುತ್ತಲಿನ ಬೈಕಿನವರೆಲ್ಲ ಮೊಬೈಲು ಎತ್ತಿ ಫೋಟೋ ತೆಗೆಯುತ್ತಿದ್ದರು. ಪಕ್ಕದ ಬಸ್ಸಿನ ಕಿಟಕಿಯಿಂದ ಒಬ್ಬ ಹೆಂಗಸು ಅರ್ಧ ಹೊರಗೆ ಬಗ್ಗಿ, "ಏ, ವಿಮಲಾ ಅಲ್ವೇನೇ?" ಎಂದಳು. ಕಾರ್ಖಾನೆಯಲ್ಲಿ ಇವಳ ಪಕ್ಕದ ಬೆಂಚಿನಲ್ಲಿದ್ದವಳಂತೆ.

"ಹೂಂ ಕಣೇ, ನಾನೇ."

"ಯಾರದೇ ಇದು ಕಾರು?"

"ನಂದೇ," ಎಂದಳು ವಿಮಲ, ತಲೆಗೂದಲು ಸರಿಮಾಡಿಕೊಳ್ಳುತ್ತಾ. ಬಸ್ಸಿನವರೆಲ್ಲ ಒಂದೇ ಬದಿಗೆ ಬಂದು ನಮ್ಮನ್ನು ನೋಡಿದರು. ಸಿಗ್ನಲ್ ಬಿಟ್ಟಿತು. ನಾನು ಹೊರಡಿಸಿದೆ, ಗಾಡಿ ಬಸ್ಸನ್ನೂ ಲಾರಿಗಳನ್ನೂ ಹಿಂದೆ ಹಾಕಿ ಸೇತುವೆ ಏರಿತು. ಮೇಲೆ ಆಕಾಶ ಬಿಟ್ಟರೆ ಏನೂ ಇರಲಿಲ್ಲ. ನನ್ನ ಹೆಂಡತಿ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಕಳೆದ ತಿಂಗಳು ದಂಡು ಪ್ರದೇಶದ ಒಂದು ಮೈದಾನದಲ್ಲಿ ಹಳೆಯ ವಾಹನಗಳ ಕೂಟವಿತ್ತು. ನಮ್ಮ ಕಾರಿನ ಸುತ್ತ ಜನ ಕಿಕ್ಕಿರಿದಿದ್ದರು. ನಾನು ಹೊಸ ಶರ್ಟು ತೊಟ್ಟು, ಬಾನೆಟ್ಟಿನ ಮೇಲೆ ಕೈಯಿಟ್ಟು, ಫೋಟೋಗೆ ಅನುಕೂಲವಾಗುವಂತೆ ನಿಂತಿದ್ದೆ. ಮೈಕು ಹಿಡಿದ ಒಬ್ಬ ಯುವತಿ ಬಂದು, ಇದನ್ನು ಮಾಡಿದವರು ಯಾರೆಂದು ರಹಮತ್ ಭಾಯಿಯನ್ನು ಕೇಳಿದಳು.

"ಇಂಜಿನ್, ಬಾಡಿ ಎಲ್ಲಾ ನಂದು. ವೈರಿಂಗ್ ಪೂರಾ ಅಕ್ಕಂದು," ಎಂದರು ಭಾಯಿ.

"ಮತ್ತೆ ಇವ್ರು?" ಎಂದು ಆಕೆ ನನ್ನತ್ತ ಮೈಕು ತಿರುಗಿಸಿದಳು.

ಭಾಯಿ ನನ್ನನ್ನು ನೋಡಿದರು. ನ್ಯಾಯವಾಗಿ ಏನಾದರೂ ಹೇಳಬೇಕಲ್ಲ ಎಂದು ಪ್ರಾಮಾಣಿಕವಾಗಿ ಯೋಚಿಸಿದರು. "ಮೇಷ್ಟ್ರು ಜಾಗ ಕೊಟ್ರು ಮೇಡಂ. ಕೆಲ್ಸ ನಡೆದಿದ್ದೆಲ್ಲಾ ಅವ್ರ ಮನೆ ಪೋರ್ಟಿಕೋದಲ್ಲೇ," ಎಂದರು.

ನಾನು ವಿನಯದಿಂದ ತಲೆ ಬಾಗಿಸುವಷ್ಟರಲ್ಲಿ ವಿಮಲ, "ಮನೆ ನನ್ನ ಹೆಸರಲ್ಲಿದೆ" ಎಂದಳು.

ನಾನು ಜೇಬಿನಿಂದ ಬಟ್ಟೆ ತೆಗೆದು ಕಾರಿನ ಕನ್ನಡಿ ಒರೆಸತೊಡಗಿದೆ.