ಮೂರನೇ ಪ್ರಶ್ನೆಗೆ ಉತ್ತರ

ಕೃಷ್ಣಪ್ರಸಾದ ಮಾಡಿದ ತಪ್ಪು ಇಷ್ಟೇ: ಕೇಳಿದವರಿಗೆ ನಿಜ ಹೇಳಿದ.

ಶನಿವಾರ ಬೆಳಿಗ್ಗೆ ಅಮೆರಿಕದ ಎಲಿಕಾಟ್ ಸಿಟಿಯ ತನ್ನ ಮನೆ ಮುಂದೆ ಉದುರಿದ ಎಲೆ ಗುಡಿಸುತ್ತಿದ್ದ. ಎಲೆಕ್ಷನ್ನಿಗೆ ಇನ್ನು ಹತ್ತು ದಿನ. ಪಕ್ಕದ ಮನೆಯ ಕೇಶವಮೂರ್ತಿಗಳು ಕಾಫಿ ಲೋಟ ಹಿಡಿದು ಬೇಲಿಗೆ ಒರಗಿದರು.

"ಪ್ರಸಾದ್, ಬ್ಯಾಲೆಟ್‌ನಲ್ಲಿ ಮೂರನೇ ಕ್ವೆಶ್ಚನ್ ಇದ್ಯಲ್ಲ, ಮನೆ ಟ್ಯಾಕ್ಸ್‌ಗೆ ಲಿಮಿಟ್ ಹಾಕ್ಬೇಕಾ ಬೇಡ್ವಾ ಅಂತ? ಪಾಸಾದ್ರೆ ಸ್ಟೇಟ್‌ಗೆ ಎಷ್ಟು ಲಾಸು ಅಂತ ಲೆಕ್ಕ ಹಾಕೋದು ನಿಮ್ಮ ಆಫೀಸೇ ಅಲ್ವಾ? ಎಷ್ಟಪ್ಪಾ?"

"ವರ್ಷಕ್ಕೆ ನಲವತ್ತು ಮಿಲಿಯನ್‌ನಿಂದ ಇನ್ನೂರ ಹತ್ತು ಮಿಲಿಯನ್‌ವರೆಗೂ ಸಾರ್. ಮನೆ ರೇಟು ಎಷ್ಟು ಏರತ್ತೆ ಅನ್ನೋದ್ರ ಮೇಲೆ ಡಿಪೆಂಡ್ ಆಗತ್ತೆ. ಪ್ಯಾಂಫ್ಲೆಟ್‌ನಲ್ಲೇ ಇದೆ."

ಓಟರುಗಳಿಗೆ ಸರ್ಕಾರ ಹಂಚುವ ಪ್ಯಾಂಫ್ಲೆಟ್ಟಿನ ಆ ಪ್ಯಾರಾ ಬರೆದವನು ಬೇರಾರೂ ಅಲ್ಲ, ಖುದ್ದು ಪ್ರಸಾದನೇ. ಆದರೆ ಆ ಮಾತನ್ನು ಅವನು ಹೆಂಡತಿ ನಮ್ರತಾಳ ಹೊರತು ಯಾರಿಗೂ ಹೇಳಿರಲಿಲ್ಲ. ಲೆಕ್ಕ ಬರೆಯುವವರು ಯಾವ ಕಡೆಗೂ ವಾಲಬಾರದೆಂದು ಆಫೀಸಿನಲ್ಲಿ ಕಟ್ಟುನಿಟ್ಟು. ಹೋದ ಎಲೆಕ್ಷನ್ನಿನಲ್ಲಿ ಅವನ ಮೇಲೊಂದು ದೂರು ಬಂದಿತ್ತು. ಇನ್ನೊಂದು ಬಂದರೆ ಈ ಕೆಲಸದಿಂದ ತೆಗೆದು ಬೇರೆ ವಿಭಾಗಕ್ಕೆ ಹಾಕುವುದಾಗಿ ಮೇಲಧಿಕಾರಿ ಮುಖಕ್ಕೆ ಹೊಡೆದಂತೆ ಹೇಳಿದ್ದರು. ಪ್ರಸಾದನಿಗೆ ಈ ಕೆಲಸವೆಂದರೆ ಪ್ರಾಣ. ಒಂದು ಪ್ಯಾರಾಕ್ಕಾಗಿ ಎರಡು ತಿಂಗಳು ತಲೆ ಕೆಡಿಸಿಕೊಳ್ಳುವುದರಲ್ಲಿ ಅವನಿಗೊಂದು ಸುಖವಿತ್ತು.

ಎರಡು ತುದಿಯಿರುವ ಲೆಕ್ಕ ಮದುವೆಮನೆ ಊಟದ ಎಲೆಯಿದ್ದಂತೆ. ಎಲ್ಲವನ್ನೂ ಬಡಿಸಿರುತ್ತಾರೆ, ತಿನ್ನುವವರು ಬೇಕಾದ್ದಕ್ಕೆ ಮಾತ್ರ ಕೈ ಹಾಕುತ್ತಾರೆ. ಹತ್ತೇ ನಿಮಿಷಕ್ಕೆ ಬೀದಿಯ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಕೇಶವಮೂರ್ತಿಗಳ ಮೆಸೇಜು ಬಿತ್ತು: "ನಮ್ಮ ಪ್ರಸಾದ್ ಅವರೇ ಹೇಳಿದಾರೆ. ಲಾಸು ಬರೀ ನಲವತ್ತು! ಎಲ್ಲರೂ ಯೆಸ್ ಒತ್ತಿ!"

ಕೂಡಲೇ ಎದುರು ಮನೆಯ ಹಫೀಜುಲ್ಲಾ ಫೋನ್ ಮಾಡಿದರು. ಮೈಸೂರಿನವರು. ಅವರ ಹೆಂಡತಿ ಫಿರೋಜಾ ಕೌಂಟಿ ಸ್ಕೂಲಿನಲ್ಲಿ ಟೀಚರ್.

"ಏನ್ ಪ್ರಸಾದ್ ಅವ್ರೇ, ಬರೀ ನಲವತ್ತು ಅಂದ್ರಂತೆ? ಸ್ಕೂಲ್‌ಗೆ ಬರೋ ದುಡ್ಡು ಕಟ್ ಆದ್ರೆ ನಮ್ಮ ಮನೆಯವ್ರ ಕೆಲಸದ ಗತಿ ಏನ್ರೀ?"

"ಬರೀ ನಲವತ್ತು ಅಂದಿಲ್ಲ ಹಫೀಜ್ ಭಾಯ್. ಇನ್ನೂರ ಹತ್ತರವರೆಗೂ ಹೋಗ್ಬಹುದು ಅಂದೆ."

"ಅಷ್ಟು ಸಾಕು ಬಿಡಿ!"

ಮುಂದಿನ ಮೆಸೇಜು ಅವರದು: "ಪ್ರಸಾದ್ ಅವರು ಈಗ ನಿಜ ಒಪ್ಕೊಂಡ್ರು. ಇನ್ನೂರ ಹತ್ತು! ಎಲ್ಲರೂ ನೋ ಒತ್ತಿ!"

ಪ್ರಸಾದ ಒಂದು ಉದ್ದ ಸಮಜಾಯಿಷಿ ಟೈಪ್ ಮಾಡಿದ, ಅಳಿಸಿದ. ಮತ್ತೆ ಟೈಪ್ ಮಾಡಿದ, ಮತ್ತೆ ಅಳಿಸಿದ. ಬರೆದರೆ ಅದೇ ಸಾಕ್ಷಿಯಾದೀತೆಂದು ಹೆದರಿ ಫೋನನ್ನು ಜೇಬಿಗೆ ಹಾಕಿಕೊಂಡು ತರಕಾರಿ ತರಲು ಹೊರಟುಬಿಟ್ಟ.

ವಾಪಸು ಬಂದಾಗ ಅವನ ಹುಲ್ಲುಹಾಸಿನಲ್ಲಿ ಯಾರೋ ಎರಡು ಬೋರ್ಡು ನೆಟ್ಟಿದ್ದರು. ಹಸಿರು ಬೋರ್ಡಿನಲ್ಲಿ ಯೆಸ್, ಕೆಂಪು ಬೋರ್ಡಿನಲ್ಲಿ ನೋ. ಸರ್ಕಾರದ ಲೆಕ್ಕ ಬರೆಯುವವನ ಮನೆ ಮುಂದೆ ಒಂದಿದ್ದರೇ ಕೆಲಸಕ್ಕೆ ಸಂಚಕಾರ. ಪ್ರಸಾದ ಬೆವರುತ್ತ ಮೊದಲು ಕೈಗೆ ಸಿಕ್ಕಿದ ಹಸಿರನ್ನು ಕಿತ್ತ. ಅದೇ ಗಳಿಗೆಗೆ ಕಾರಿನಲ್ಲಿ ಬಂದ ಹಫೀಜುಲ್ಲಾ, "ಭೇಷ್ ಪ್ರಸಾದ್!" ಎಂದು ಫೋಟೋ ತೆಗೆದರು. ಗಾಬರಿಯಲ್ಲಿ ಅವನು ಹಸಿರನ್ನು ಮತ್ತೆ ನೆಟ್ಟು ಕೆಂಪನ್ನು ಕಿತ್ತ. ಕೇಶವಮೂರ್ತಿಗಳು ಮಹಡಿಯ ಕಿಟಕಿಯಿಂದ ಅದರ ಫೋಟೋ ತೆಗೆದರು. ಎರಡೂ ಫೋಟೋ ಗುಂಪಿಗೆ ಬಂದವು. ಶಭಾಷ್‌ಗಿರಿಯೂ ಬೈಗುಳವೂ ಸಮಸಮವಾಗಿ ಬಿದ್ದವು.

ಸಂಜೆ ಕೇಶವಮೂರ್ತಿಗಳ ಮನೆಯಲ್ಲಿ ಪಾಟ್‌ಲಕ್. ಎಲ್ಲರೂ ಒಂದೊಂದು ಪಾತ್ರೆ ಅಡುಗೆ ತಂದರೆ ಪ್ರಸಾದ ಎರಡೂ ಕಂಕುಳಲ್ಲಿ ಒಂದೊಂದು ಬೋರ್ಡು ಅವುಚಿಕೊಂಡು ಬಂದ.

"ಇಬ್ರಿಗೂ ಕೈ ಮುಗೀತೀನಿ, ಆ ಫೋಟೋ ಡಿಲೀಟ್ ಮಾಡಿ. ಯಾರಾದ್ರೂ ನಮ್ಮ ಆಫೀಸ್‌ಗೆ ಒಂದು ಕಂಪ್ಲೇಂಟ್ ಹಾಕಿದ್ರೂ ನನ್ನ ಕಥೆ ಮುಗೀತು."

"ಮೊದ್ಲು ಅವ್ರು ಮಾಡ್ಲಿ," ಎಂದರು ಕೇಶವಮೂರ್ತಿ.

"ಶುರು ಮಾಡಿದ್ದು ಯಾರು?" ಎಂದರು ಹಫೀಜುಲ್ಲಾ.

ಇಬ್ಬರ ದನಿಯೂ ಏರಿತು. ಪ್ರಸಾದನಿಗೆ ರೇಗಿಹೋಯಿತು. "ಅಷ್ಟೊಂದು ಇದ್ರೆ ಹೋಗಿ ಓಟ್ ಹಾಕಿ ಬನ್ನಿ! ಅರ್ಲಿ ವೋಟಿಂಗ್ ಶುರುವಾಗಿದೆ. ಯಾವತ್ತು ಹೋಗ್ತೀರ, ಹೇಳಿ?"

ಇಬ್ಬರೂ ತಂತಮ್ಮ ತಟ್ಟೆ ಕೈಗೆತ್ತಿಕೊಂಡರು.

"ನಾನಿನ್ನೂ ಎಚ್-ಒನ್ ವೀಸಾದಲ್ಲೇ ಇದೀನಲ್ಲಪ್ಪ," ಎಂದರು ಕೇಶವಮೂರ್ತಿ, ಚಟ್ನಿ ಕಡೆ ನೋಡುತ್ತ.

"ನಮ್ಗೆ ಗ್ರೀನ್ ಕಾರ್ಡ್ ಬಂದಿದ್ದೇ ಹೋದ ವರ್ಷ," ಎಂದರು ಹಫೀಜುಲ್ಲಾ. "ಸಿಟಿಜನ್ ಆಗಿ ಓಟ್ ಹಾಕೋಕೆ ಇನ್ನೂ ನಾಲ್ಕು ವರ್ಷ ಬೇಕು. ನಿಮ್ದು?"

"ನಂದೂ ಗ್ರೀನ್ ಕಾರ್ಡೇ," ಎಂದ ಪ್ರಸಾದ.

ಮೊದಲು ನಕ್ಕವರು ಫಿರೋಜಾ. ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಫೋಟೋಗಳು ಡಿಲೀಟಾದವು. ಇಡೀ ದಿನದಲ್ಲಿ ಮೊದಲ ಸಲ ಪ್ರಸಾದನ ಎದೆ ಹಗುರಾಯಿತು. ತಟ್ಟೆ ತುಂಬ ಪಲಾವು ಬಡಿಸಿಕೊಂಡ.

ಆಗ ಕೇಶವಮೂರ್ತಿಗಳ ಮಗಳು ಮಧುರಾ ಮಹಡಿಯಿಂದ ಇಳಿದು ಬಂದಳು. ಇಲ್ಲೇ ಹುಟ್ಟಿ ಸಿಟಿಜನ್ ಆದ ಹುಡುಗಿ, ಜೂನ್‌ನಲ್ಲಿ ಹದಿನೆಂಟು ತುಂಬಿತ್ತು.

"ಓಟಾ? ನಾನು ಮಾರ್ನಿಂಗ್ ಹೋಗಿ ಮಾಡಿದೆ," ಎಂದಳು.

ಇಡೀ ಮನೆ ಅವಳತ್ತ ತಿರುಗಿತು. "ಮೂರನೇದಕ್ಕೆ ಏನು ಒತ್ದೆ? ಯೆಸ್ಸಾ, ನೋನಾ?"

"ದಟ್ ಒನ್? ಬ್ಲ್ಯಾಂಕ್ ಬಿಟ್ಟೆ. ಪ್ಯಾಂಫ್ಲೆಟ್ ತ್ರೀ ಟೈಮ್ಸ್ ಓದಿದೆ, ನಂಗೆ ಏನೂ ಅರ್ಥ ಆಗಿಲ್ಲ. ಹೂ ಈವನ್ ರೈಟ್ಸ್ ದಿಸ್ ಸ್ಟಫ್?"

ಪ್ರಸಾದನ ಚಮಚ ಬಾಯಿಯ ಹತ್ತಿರವೇ ನಿಂತಿತು.

"ಕೆಳಗಡೆ ಅವ್ರ ಆಫೀಸ್ ಇಮೇಲ್ ಇತ್ತು," ಮಧುರಾ ಪಲಾವು ಹಾಕಿಕೊಳ್ಳುತ್ತ ಹೇಳಿದಳು. "ಸೋ ಐ ಸೆಂಟ್ ಎ ಕಂಪ್ಲೇಂಟ್. ಮೈ ಫ್ರೆಂಡ್ಸ್ ಆಲ್ಸೋ. ಟೋಟಲ್ ಸೆವೆನ್."

ಕೇಶವಮೂರ್ತಿಗಳು ಹೆಮ್ಮೆಯಿಂದ ಮಗಳ ತಲೆ ಸವರಿದರು. "ನೋಡಿದ್ರಾ ಪ್ರಸಾದ್? ಈ ಬೀದಿ ಕನ್ನಡದವ್ರಲ್ಲಿ ಓಟಿರೋದು ಇವಳಿಗೊಬ್ಬಳಿಗೆ. ಅದನ್ನ ಬರೆದೋನು ಯಾರೋ ಏನೋ, ಸೋಮವಾರ ಅವನಿಗೆ ಸರಿಯಾಗಿ ಬಿಸಿ ಮುಟ್ಟತ್ತೆ. ಇನ್ನೊಂದು ಸ್ವಲ್ಪ ಪಲಾವ್ ಹಾಕ್ಲಾ?"